ಕಣ್ಣಳತೆಯ ಪರದೆ

ಶನಿವಾರದ ರಾಹುಕಾಲ ಹತ್ತೂವರೆಗೆ ಮುಗಿಯುತ್ತದೆ. ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯ ಶಟರುಗಳು ಮೇಲೇಳುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಪೂರ್ತಿ ಹೆಸರು ಹೇಳಿದರೆ ಆಟೋದವರು ಒಂದು ಕ್ಷಣ ಯೋಚಿಸುತ್ತಾರೆ, ಎಸ್.ಪಿ. ರೋಡು ಅಂದರೆ ಸಾಕು. ಟೌನ್‌ಹಾಲ್‌ನಿಂದಾಗಲಿ, ಕೆ.ಆರ್. ಮಾರ್ಕೆಟ್ ಮೆಟ್ರೊ ನಿಲ್ದಾಣದಿಂದಾಗಲಿ ನಡೆದೇ ಬರಬಹುದು. ಕರಗ ಹೊರಡುವ ಧರ್ಮರಾಯಸ್ವಾಮಿ ಗುಡಿ ಇಲ್ಲೇ ಹತ್ತಿರ. ಹಳೇ ಪೇಟೆಯ ಬೀದಿಗಳ ಅಗಲವೇ ಈ ರಸ್ತೆಯದೂ. ಆ ಅಗಲದೊಳಗೆ ಟೆಂಪೊ, ಕೈಗಾಡಿ, ಸ್ಕೂಟರು, ತಲೆಯ ಮೇಲೆ ರಟ್ಟಿನ ಪೆಟ್ಟಿಗೆ ಹೊತ್ತ ಹಮಾಲರು, ಕಾಫಿ ಫ್ಲಾಸ್ಕು ಹಿಡಿದು ನುಸುಳುವ ಹುಡುಗ, ಎಲ್ಲರೂ ಸಾಗಬೇಕು.

ಭಾನುವಾರ ಹೆಚ್ಚಿನ ಅಂಗಡಿಗಳಿಗೆ ರಜೆ. ಹಾಗಾಗಿ ಶನಿವಾರದ ಜನಸಂದಣಿಯೇ ಬೇರೆ. ಶಟರಿನ ಮುಂದೆ ನೀರು ಚಿಮುಕಿಸಿ, ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗಿ, ಮೊದಲ ಬೋಣಿಗೆ ಕಾದು ನಿಂತವರು ದಾರಿಹೋಕರನ್ನು ಕೂಗುತ್ತಾರೆ: “ಏನ್ ಬೇಕು ಸಾರ್? ಲ್ಯಾಪ್‌ಟಾಪಾ? ಸಿಸಿಟಿವಿನಾ? ಪ್ರಿಂಟರಾ?” ತಗ್ಗಿನ ಅಂಗಡಿಗಳಲ್ಲಿ ರೆಸಿಸ್ಟರು, ಕೆಪಾಸಿಟರುಗಳನ್ನು ಪುಟ್ಟ ಡಬ್ಬಿಗಳಿಂದ ಎಣಿಸಿ ಕೊಡುತ್ತಿದ್ದಾರೆ. ಬೆಸುಗೆಯ ಹೊಗೆಯ ವಾಸನೆ ಊದುಬತ್ತಿಯ ವಾಸನೆಯೊಡನೆ ಕಲೆತಿದೆ. ಒಂದು ಅಂಗಡಿಯ ಹೊಸ್ತಿಲಲ್ಲಿ ಹಳೆಯ ಆಸಿಲೋಸ್ಕೋಪೊಂದು ಬೆಲೆಚೀಟಿ ಅಂಟಿಸಿಕೊಂಡು ಕೂತಿದೆ. ಅದನ್ನು ಕಂಡರೆ ನನಗೆ ಗೌರವ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ, ಪ್ರಯೋಗಾಲಯ ನೋಡಲು ಬರುವ ಜನರಿಗೆ ಬೇಸರವಾಗದಿರಲೆಂದು ಇಂಥದೇ ಉಪಕರಣದ ಐದಿಂಚಿನ ದುಂಡು ಗಾಜಿನ ಮೇಲೆ ಟೆನಿಸ್ ಆಟ ಕಟ್ಟಿದ್ದರು. ಚೆಂಡಿನ ಬದಲು ಒಂದು ಹಸಿರು ಚುಕ್ಕಿ. ಅದನ್ನಾಡಲು ಜನ ಸಾಲುಗಟ್ಟಿ ನಿಂತಿದ್ದರಂತೆ.

ಆ ಚುಕ್ಕಿಯ ಇಂದಿನ ಸಂತತಿಯನ್ನು ನೋಡಬೇಕಾದರೆ ಮಹಡಿ ಹತ್ತಬೇಕು. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಮೆಟ್ಟಿಲು. ಮೇಲೆ ಉದ್ದನೆಯ ಕೋಣೆ, ಒಂದು ಗೋಡೆಯುದ್ದಕ್ಕೂ ಮಾನಿಟರುಗಳು. ಎಲ್ಲದರಲ್ಲೂ ಒಂದೇ ಚಿತ್ರ: ಕೆಂಪು ಗಿಣಿ ರೆಕ್ಕೆ ಬಿಚ್ಚುತ್ತದೆ, ಜೇನು ನಿಧಾನವಾಗಿ ಸುರಿಯುತ್ತದೆ, ಕಪ್ಪು ನೀರಿನಿಂದ ಮೀನು ಚಿಮ್ಮುತ್ತದೆ. ತಯಾರಕರು ಬಣ್ಣ ತುಂಬಿ ಕಳಿಸಿದ ಈ ಚಿತ್ರದಲ್ಲಿ ಎಂಥ ಪರದೆಯೂ ಸುಂದರವಾಗಿಯೇ ಕಾಣುತ್ತದೆ. ಅದನ್ನು ನೋಡಿ ಯಾರೂ ಏನನ್ನೂ ಆರಿಸಬಾರದು. ಅಂಗಡಿಯ ಯಜಮಾನರಿಗೂ ಇದು ಗೊತ್ತು. ಅವರ ಅಜ್ಜ ರಾಜಸ್ಥಾನದಿಂದ ಬಂದವರು, ಅವರ ಕನ್ನಡ ಅಪ್ಪಟ ಪೇಟೆಯದು. ಬಂದವರಿಗೆ ಸರಕು ತೋರಿಸುವ ಮೊದಲು ಅವರು ಒಂದು ಪ್ರಶ್ನೆ ಹಾಕುತ್ತಾರೆ: “ಮನೇಲಿ ಏನಿದೆ?”

ಅಂದು ಆ ಪ್ರಶ್ನೆಗೆ ಮೊದಲು ಸಿಕ್ಕವರು ತುಮಕೂರಿನಿಂದ ಬೆಳಗಿನ ರೈಲಿಗೆ ಬಂದಿದ್ದ ಅಪ್ಪ, ಮಗ. ಹುಡುಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷ. ಅಪ್ಪನ ಅಂಗಿಯ ಜೇಬಿನಲ್ಲಿ ಮಡಿಸಿದ ಚೀಟಿ, ಅದರಲ್ಲಿ ಮಗ ಬರೆದುಕೊಟ್ಟ ಅಂಕಿಗಳು.

“ಲ್ಯಾಪ್‌ಟಾಪಿದೆ ಅಣ್ಣಾ. ಹಳೇದಾಯ್ತು. ಹೊಸದು ತಗೊಳೋದಾ, ಇಲ್ಲ ದೊಡ್ಡ ಗೇಮಿಂಗ್ ಮಾನಿಟರ್ ಹಾಕ್ಕೊಳೋದಾ ಅಂತ.”

“ಹಳೇದು ಅಂದ್ರೆ ಎಷ್ಟು ಹಳೇದು ತಮ್ಮಾ?”

“ಮೂರು ವರ್ಷ.”

“ಮೂರು ವರ್ಷಕ್ಕೇ ಹಳೇದಂತೆ ನೋಡಿ ಸ್ವಾಮಿ,” ಎಂದರು ಅಪ್ಪ. “ಅದರ ಕಂತು ತೀರಿ ಇನ್ನೂ ಒಂದು ಯುಗಾದಿ ಕಳೆದಿಲ್ಲ.”

“ತಂದಿದೀಯಾ?”

ಹುಡುಗ ಬೆನ್ನಿನ ಚೀಲದಿಂದ ಲ್ಯಾಪ್‌ಟಾಪ್ ತೆಗೆದಿಟ್ಟ. ಯಜಮಾನರ ಮುಖ ಅರಳಿತು. ಹೀಗೆ ಮನೆಯ ಯಂತ್ರವನ್ನೇ ಹೊತ್ತು ತರುವವರು ಕಡಿಮೆ. ಹೆಚ್ಚಿನವರು ಅಂಕಿಗಳನ್ನಷ್ಟೇ ತರುತ್ತಾರೆ.

ಆನ್ ಮಾಡಿದರೆ ಫ್ಯಾನು ಮೊದಲ ನಿಮಿಷಕ್ಕೇ ಹುಯ್ಯೆಂದಿತು. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3050, ಅದರ ಸ್ವಂತ ಮೆಮೊರಿ 4 ಜಿಬಿ. ರ‍್ಯಾಮ್ 8 ಜಿಬಿ. ಇನ್ನೂ ಆಟ ತೆರೆದಿಲ್ಲ, ಬ್ರೌಸರು, ಚಾಟು, ಹಿನ್ನೆಲೆಯಲ್ಲಿ ಓಡುವ ಒಂದಷ್ಟು, ಅಷ್ಟಕ್ಕೇ ಟಾಸ್ಕ್ ಮ್ಯಾನೇಜರಿನಲ್ಲಿ ರ‍್ಯಾಮಿನ ಪಟ್ಟಿ ಮುಕ್ಕಾಲು ದಾಟಿತ್ತು. “ಇದಕ್ಕೆ ಉಸಿರು ಕಟ್ತಿದೆ, ವಯಸ್ಸಾಗಿಲ್ಲ,” ಎಂದು ಯಜಮಾನರು ಒಳಗಿನ ಹುಡುಗನನ್ನು ಕರೆದರು.

ಆ ಹುಡುಗನ ಕೈಕೆಲಸ ನೋಡುವುದಕ್ಕೆಂದೇ ಮಹಡಿ ಹತ್ತಬಹುದು. ಲ್ಯಾಪ್‌ಟಾಪನ್ನು ಬೋರಲು ಹಾಕಿ, ಕಳಚಿದ ಸ್ಕ್ರೂಗಳನ್ನು ಅವು ಇದ್ದ ಜಾಗದ ಕ್ರಮದಲ್ಲೇ ಅಯಸ್ಕಾಂತದ ಹಾಸಿನ ಮೇಲೆ ಜೋಡಿಸಿದ. ಉದ್ದದ್ದು ಗಿಡ್ಡದ್ದು ಅದಲುಬದಲಾದರೆ ಕೀಬೋರ್ಡಿನ ಕಡೆ ಗುಳ್ಳೆ ಏಳುತ್ತದೆ. ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಅಂಚಿಗೆ ತೂರಿಸಿ ಸುತ್ತ ಎಳೆದಾಗ ಟಕ್ ಟಕ್ ಎಂದು ಕೊಂಡಿಗಳು ಬಿಟ್ಟುಕೊಂಡವು. ಮುಚ್ಚಳ ತೆಗೆದವನು ಮೊದಲು ಮುಟ್ಟಿದ್ದು ಬ್ಯಾಟರಿಯ ತಂತಿಯನ್ನು. ಅದನ್ನು ಬಿಡಿಸದೆ ಬೇರೇನನ್ನೂ ಮುಟ್ಟುವಂತಿಲ್ಲ. ಫ್ಯಾನಿಗೂ ತಾಮ್ರದ ಕೊಳವೆಯ ಬಾಯಿಗೂ ನಡುವೆ ಮೂರು ವರ್ಷದ ಧೂಳು ಹತ್ತಿಯಂತೆ ಹೆಣೆದುಕೊಂಡು ಕೂತಿತ್ತು. ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು ಬ್ಲೋಯರ್ ಬಿಟ್ಟ, ಬ್ರಶ್ಶಿನಲ್ಲಿ ಕೆರೆದ. ಶಾಖವಾಹಕದ ಫಲಕ ಎತ್ತಿದರೆ ಚಿಪ್ಪಿನ ಮೇಲಿನ ಪೇಸ್ಟು ಒಣಗಿ ಪುಡಿಯಾಗಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿ ಹೊಸ ಪೇಸ್ಟು ಹಚ್ಚಿದ. ಚಿಪ್ಪು ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹುಡುಗ “ಹಳೇದು” ಅಂದದ್ದರಲ್ಲಿ ಒಂದು ಪಾಲು ಈ ಧೂಳೇ ಆಗಿತ್ತು.

ರ‍್ಯಾಮಿನ ಎರಡು ಗೂಡುಗಳಲ್ಲಿ ಒಂದು ಖಾಲಿ. ಯಜಮಾನರು ಟಾರ್ಚ್ ಬಿಟ್ಟು ಅಪ್ಪನಿಗೇ ತೋರಿಸಿದರು. ಒಂದೇ ಕಡ್ಡಿ ಇದ್ದರೆ ಪ್ರೊಸೆಸರಿಗೆ ಮಾಹಿತಿ ಒಂದೇ ದಾರಿಯಲ್ಲಿ ಬರುತ್ತದೆ. ಅಂಥದೇ ಇನ್ನೊಂದು ಹಾಕಿದರೆ ಜಾಗವೂ ದುಪ್ಪಟ್ಟು, ದಾರಿಯೂ ಎರಡು. ಆದರೆ ಇದು ಡಿಡಿಆರ್4; ಡಿಡಿಆರ್5 ಕಡ್ಡಿಯ ಕಚ್ಚು ಬೇರೆ ಜಾಗದಲ್ಲಿದೆ, ಕೂರುವುದೇ ಇಲ್ಲ. ಮದರ್‌ಬೋರ್ಡಿಗೇ ಬೆಸೆದ ರ‍್ಯಾಮ್ ಇರುವ ತೆಳು ಲ್ಯಾಪ್‌ಟಾಪುಗಳಿಗಂತೂ ಈ ಭಾಗ್ಯವಿಲ್ಲ, ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಬೆಲೆ ಕೇಳಿ ಹುಡುಗ ಬೆಚ್ಚಿದ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿಯ ಬೆಲೆ ಏರುತ್ತ ಬಂದಿದೆ. ಎಐ ಸರ್ವರುಗಳ ಬೇಡಿಕೆ ದೊಡ್ಡದು, ಕಾರ್ಖಾನೆಗಳು ಮೊದಲು ಅತ್ತ ಕಳಿಸುತ್ತವೆ, ಮಿಕ್ಕವರಿಗೆ ತುಟ್ಟಿ. ಅಷ್ಟಾದರೂ ಹೊಸ ಲ್ಯಾಪ್‌ಟಾಪಿನ ಬೆಲೆಯ ಮುಂದೆ ಇದು ಸಣ್ಣ ಮೊತ್ತವೇ. ಹಾಕಿಸಿದರು. ಫ್ಯಾನಿನ ಹುಯ್ಲು ನಿಂತಿತು.

ಇನ್ನು ಮಾನಿಟರು. ಹುಡುಗನ ಕಣ್ಣು ಬಂದಾಗಿನಿಂದ 27 ಇಂಚಿನ ಒಂದರ ಮೇಲೇ ಇತ್ತು: 2560 ಅಡ್ಡ, 1440 ಉದ್ದ, 165 ಹರ್ಟ್ಜ್. ಚೀಟಿಯಲ್ಲೂ ಅದೇ. ಯಜಮಾನರು ಬೇಡ ಅನ್ನಲಿಲ್ಲ. ಗಿಣಿಯ ವಿಡಿಯೊ ನಿಲ್ಲಿಸಿ ಹುಡುಗನ ಲ್ಯಾಪ್‌ಟಾಪನ್ನೇ ಅದಕ್ಕೆ ಸಿಕ್ಕಿಸಿದರು. “ನೀನು ದಿನಾ ಆಡೋ ಆಟ ಹಾಕು.”

ವ್ಯಾಲರಂಟ್ ಹಗುರ ಆಟ, ತಕ್ಕಮಟ್ಟಿಗೆ ಓಡಿತು. ಮಗನಿಗೆ ಪ್ರಿಯವಾದ ಇನ್ನೊಂದು, ಕಾಡು, ಮಳೆ, ಬೆಂಕಿ ಎಲ್ಲ ಇರುವ ದೊಡ್ಡ ಆಟ ಹಾಕಿದಾಗ ಪರದೆ ತಡವರಿಸಿತು. ಪಾತ್ರ ತಿರುಗಿದಾಗ ಜಗತ್ತು ಅರೆಕ್ಷಣ ತಡವಾಗಿ ತಿರುಗಿತು. ಲೆಕ್ಕ ಸರಳ. 1920ಕ್ಕೆ 1080 ಅಂದರೆ ಸುಮಾರು 20.7 ಲಕ್ಷ ಚುಕ್ಕಿ. 2560ಕ್ಕೆ 1440 ಅಂದರೆ 36.8 ಲಕ್ಷಕ್ಕೂ ಮೇಲೆ. ಅದೇ ಕಾರ್ಡು ಪ್ರತಿ ಚಿತ್ರದಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಚುಕ್ಕಿಗಳನ್ನು ಹೆಚ್ಚುವರಿಯಾಗಿ ಬಿಡಿಸಬೇಕು, ಅದಕ್ಕಿರುವ ಜಾಗ ನಾಲ್ಕೇ ಜಿಬಿ. ಪರದೆ ಸೆಕೆಂಡಿಗೆ 165 ಸಲ ಹೊಸ ಚಿತ್ರ ತೋರಿಸಬಲ್ಲದು, ನಿಜ. ಆದರೆ ಬಿಡಿಸಿ ಕೊಡುವವನ ಕೈ ಅಷ್ಟು ಓಡಬೇಡವೇ?

ಪಕ್ಕದ 24 ಇಂಚಿನ 1080ಕ್ಕೆ ತಂತಿ ಬದಲಾಯಿತು. ಆಟ ಹಗುರಾಯಿತು. ಈ ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿ ನೇರವಾಗಿ ಗ್ರಾಫಿಕ್ಸ್ ಚಿಪ್ಪಿಗೇ ಜೋಡಿಸಿದ್ದು. ಸ್ವಂತ ಪರದೆಗೆ ಹೋಗುವಾಗ ಚಿತ್ರ ಪ್ರೊಸೆಸರಿನೊಳಗಿನ ಸಣ್ಣ ಗ್ರಾಫಿಕ್ಸನ್ನು ಹಾದು ಹೋಗಬೇಕಿತ್ತು. ಹೊರಗಿನ ಮಾನಿಟರಿಗೆ ಆ ಸುತ್ತು ಇಲ್ಲ. ಹಾಗಾಗಿ ನಾಲ್ಕಾರು ಫ್ರೇಮು ಹೆಚ್ಚೇ ಸಿಕ್ಕಿತು. ಎಲ್ಲ ಲ್ಯಾಪ್‌ಟಾಪುಗಳಲ್ಲಿ ಹೀಗಿರುವುದಿಲ್ಲ. ಕೆಲವು ಮಾನಿಟರುಗಳಲ್ಲಿ ಎಚ್‌ಡಿಎಂಐ ಮೂಲಕ ಪೂರ್ತಿ ವೇಗ ಬರುವುದೂ ಇಲ್ಲ, ಡಿಸ್‌ಪ್ಲೇಪೋರ್ಟ್ ಬೇಕು, ಲ್ಯಾಪ್‌ಟಾಪಿನಲ್ಲಿ ಆ ಕಿಂಡಿ ಇರುವುದು ಅಪರೂಪ. ಇಂಥದ್ದನ್ನು ಪೆಟ್ಟಿಗೆಯ ಮೇಲಿನ ದೊಡ್ಡಕ್ಷರ ಹೇಳದು, ಸಿಕ್ಕಿಸಿ ನೋಡಿದರೇ ತಿಳಿಯುವುದು.

ಅಪ್ಪನಿಗೆ ಈ ಹರ್ಟ್ಜಿನ ಮಾತು ಹಿಡಿಸಿರಲಿಲ್ಲ. “ಅರವತ್ತಕ್ಕೂ ನೂರನಲವತ್ನಾಲ್ಕಕ್ಕೂ ಏನ್ ವ್ಯತ್ಯಾಸ ಸ್ವಾಮಿ, ಕಣ್ಣಿಗೆ ಕಾಣುತ್ತಾ?” ಯಜಮಾನರು ವಾದಕ್ಕಿಳಿಯಲಿಲ್ಲ. ಮಾನಿಟರನ್ನು 60ಕ್ಕೆ ಇಳಿಸಿ ಮೌಸನ್ನು ಅವರ ಕೈಗೇ ಕೊಟ್ಟರು. “ಗುಂಡಗೆ ತಿರುಗಿಸಿ ಯಜಮಾನ್ರೆ.” ಅವರು ತಿರುಗಿಸಿದರು. 144ಕ್ಕೆ ಏರಿಸಿ, “ಈಗ ತಿರುಗಿಸಿ.” ಅವರು ಮತ್ತೆ ತಿರುಗಿಸಿದರು, ನಿಲ್ಲಿಸಿದರು, ಪುನಃ ತಿರುಗಿಸಿದರು.

“ಮೊದಲು ಬಾಣ ತುಂಡು ತುಂಡಾಗಿ ಹೋಗ್ತಿತ್ತು. ಈಗ ಜಾರ್ತಾ ಇದೆ.”

ಅಷ್ಟೇ ಅದು. 60 ಹರ್ಟ್ಜಿನಲ್ಲಿ ಎರಡು ಚಿತ್ರಗಳ ನಡುವಿನ ಅಂತರ 16.7 ಮಿಲಿಸೆಕೆಂಡು, 144ರಲ್ಲಿ 6.9. ಸುಮಾರು ಹತ್ತು ಮಿಲಿಸೆಕೆಂಡಿನ ಉಳಿತಾಯವನ್ನು ಎಂದೂ ಆಟವಾಡದವರ ಕಣ್ಣೂ ಗುರುತಿಸುತ್ತದೆ. ಅಲ್ಲಿಂದ 240ಕ್ಕೆ ಹೋದರೆ 4.2. ಅಂದರೆ ಇನ್ನು ಮೂರು ಮಿಲಿಸೆಕೆಂಡೂ ಉಳಿಯದು, ಹಣ ಮಾತ್ರ ಚೆನ್ನಾಗಿ ಏರುತ್ತದೆ. ಪಂದ್ಯಾವಳಿಗೆ ತಯಾರಾಗುವವರು ಕೊಳ್ಳಲಿ. ಕಾಲೇಜಿನ ಹುಡುಗನಿಗೆ ಬೇಡವೆಂದು ನಾನೂ ಗಟ್ಟಿಯಾಗಿಯೇ ಹೇಳುತ್ತೇನೆ.

ಪೆಟ್ಟಿಗೆಯ ಮೇಲಿನ ಇನ್ನೆರಡು ಹೇಳಿಕೆಗಳ ಬಗ್ಗೆಯೂ ಗಟ್ಟಿಯಾಗಿ ಹೇಳಬೇಕು. ಒಂದು, “1 ಎಂಎಸ್”. ಇದನ್ನು ಅಳೆಯುವ ಬಗೆಗಳು ಬೇರೆ ಬೇರೆ. ಹಿಂಬೆಳಕನ್ನು ಮಿಟುಕಿಸಿ ಪಡೆದ ಒಂದಕ್ಕೂ, ಚುಕ್ಕಿ ಬೂದಿನಿಂದ ಬೂದಿಗೆ ತಿರುಗುವ ವೇಗದ ಒಂದಕ್ಕೂ ಹೋಲಿಕೆಯೇ ಇಲ್ಲ. ಇನ್ನೊಂದು, “ಎಚ್‌ಡಿಆರ್ 400”. ವೆಸಾ ಸಂಸ್ಥೆ 2017ರಲ್ಲಿ ತಂದ ದರ್ಜೆಗಳಲ್ಲಿ ಇದು ತಳದ ಮೆಟ್ಟಿಲು. ಪರದೆಯ ಕತ್ತಲ ಭಾಗದ ಬೆಳಕನ್ನಷ್ಟೇ ತಗ್ಗಿಸುವ ವ್ಯವಸ್ಥೆಯನ್ನು ಅದು ಕಡ್ಡಾಯ ಮಾಡುವುದಿಲ್ಲ. ಸೂರ್ಯ ಬೆಳಗಿದಾಗ ಪಕ್ಕದ ಕಪ್ಪೂ ಬಿಳಚಿಕೊಂಡರೆ ಎಚ್‌ಡಿಆರ್ ಎಂಬ ಹೆಸರಿಗೆ ಅರ್ಥವಿಲ್ಲ. ಈ ಚೀಟಿಗಾಗಿ ಹೆಚ್ಚು ಹಣ ಕೊಡಬೇಕಿಲ್ಲ.

ಪ್ಯಾನೆಲಿನ ಜಾತಿ ಮಾತ್ರ ನೋಡಲೇಬೇಕು. ಅಂಗಡಿಯ ಹುಡುಗ ಒಂದು ಐಪಿಎಸ್, ಒಂದು ವಿಎ ಪಕ್ಕಪಕ್ಕ ಇಟ್ಟು ದೀಪ ಆರಿಸಿದ. ವಿಎ ಪರದೆಯ ಕಪ್ಪು ನಿಜಕ್ಕೂ ಕಪ್ಪು. ರಾತ್ರಿ ಸಿನಿಮಾ ನೋಡುವವರಿಗೆ ಅದೇ ಸರಿ. ಆದರೆ ಕತ್ತಲ ಓಣಿಯಲ್ಲಿ ಪಾತ್ರ ಓಡಿದಾಗ ಅದರ ಹಿಂದೆ ಮಸಿಯಂಥ ಎಳೆಯೊಂದು ಉಳಿಯಿತು. ಐಪಿಎಸ್‌ನಲ್ಲಿ ಕಪ್ಪು ತುಸು ಬೂದು, ಮೂಲೆಗಳಲ್ಲಿ ಮಂಕು ಹೊಳಪು, ಆದರೆ ಓಟ ಶುದ್ಧ. ಪಕ್ಕದಲ್ಲಿ ಕೂತ ಗೆಳೆಯನಿಗೂ ಬಣ್ಣ ಕೆಡುವುದಿಲ್ಲ. ಮೂಲೆಯಲ್ಲಿ ಒಂದು ಓಲೆಡ್ ಇತ್ತು. ಅದರ ಕಪ್ಪಿನ ಮುಂದೆ ಉಳಿದವೆಲ್ಲ ಸಪ್ಪೆ, ಅದನ್ನು ಒಪ್ಪಲೇಬೇಕು. ಆದರೆ ಒಂದೇ ಟಾಸ್ಕ್‌ಬಾರನ್ನು ದಿನವಿಡೀ ಹೊತ್ತು ನಿಲ್ಲುವ ಕೆಲಸದ ಪರದೆಯಲ್ಲಿ ಅದರ ಅಚ್ಚು ಉಳಿದುಬಿಡುವ ಭಯ ಇನ್ನೂ ಇದೆ. ಬೆಲೆ ಕೇಳಿದ ಅಪ್ಪ ಆ ಕಡೆ ಮತ್ತೆ ತಿರುಗಲಿಲ್ಲ.

“ಆದ್ರೂ ಇಪ್ಪತ್ತೇಳು ದೊಡ್ಡದಲ್ವಾ ಅಣ್ಣಾ? 1080ರಲ್ಲೇ ಇಪ್ಪತ್ತೇಳು ಸಿಗುತ್ತಲ್ಲ?”

ಇದಕ್ಕೆ ಉತ್ತರ ಕೊಟ್ಟವರು ಅಪ್ಪ. ಕೌಂಟರಿನ ಮೇಲೆ ಗೇಣು ಹಾಕಿ ಅಳೆದರು. ಮನೆಯಲ್ಲಿ ಟೇಬಲ್ಲು ಗೋಡೆಗೆ ತಾಗಿದೆ, ಕುರ್ಚಿ ಹಿಂದೆ ಸರಿಸಲು ಮಂಚ ಅಡ್ಡ, ಕಣ್ಣಿಗೂ ಪರದೆಗೂ ಮೂರು ಗೇಣಿಗಿಂತ ಜಾಸ್ತಿ ಸಿಗದು. ಆ ದೂರದಲ್ಲಿ 27 ಇಂಚಿನ 1080 ಪರದೆಯ ಚುಕ್ಕಿಗಳು ಕಣ್ಣಿಗೆ ಒರಟಾಗುತ್ತವೆ. ಇಂಚಿಗೆ 82 ಚುಕ್ಕಿ ಮಾತ್ರ. 24ರಲ್ಲಿ 92 ಆಗುತ್ತದೆ. ಹುಡುಗ ಮೂರು ಗೇಣು ದೂರ ಕೂತು ಎರಡನ್ನೂ ನೋಡಿದ. ಚೀಟಿ ಜೇಬಿಗೆ ಹೋಯಿತು.

ಅವನು ಬಿಟ್ಟ 27 ಇಂಚಿನ 1440 ಮಾನಿಟರು ಅಲ್ಲಿ ಹೆಚ್ಚು ಹೊತ್ತು ಒಂಟಿಯಾಗಿರಲಿಲ್ಲ. ಚಿಕ್ಕಪೇಟೆ ಕಡೆ ಲಗ್ನಪತ್ರಿಕೆಗಳಿಗೆ ಡಿಟಿಪಿ ಮಾಡುವ ಮಹಿಳೆಯೊಬ್ಬರು ಪೆನ್‌ಡ್ರೈವ್ ಹಿಡಿದು ಬಂದಿದ್ದರು. ಸಂಜೆಯಾದರೆ ಕಣ್ಣುರಿ, ತಲೆನೋವು. ಅವರಿಗೆ ಆಟ ಬೇಡ, ಹರ್ಟ್ಜ್ ಬೇಡ. “ಅಕ್ಷರ ನೋಡ್ಬೇಕು ಅಷ್ಟೇ,” ಎಂದರು. ಅವರೇ ಮಾಡಿದ ಪತ್ರಿಕೆಯ ಪುಟವೊಂದನ್ನು ಎರಡು 27 ಇಂಚಿನ ಪರದೆಗಳಲ್ಲಿ ತೆರೆದರು, ಒಂದು 1080, ಒಂದು 1440. ವಧುವಿನ ಹೆಸರು ಜ್ಯೋತ್ಸ್ನಾ.

ಇಂಗ್ಲಿಷಿಗೆ ನಡೆಯುವ ಪರದೆ ಕನ್ನಡಕ್ಕೆ ನಡೆಯಬೇಕೆಂದಿಲ್ಲ ಎಂಬುದು ಅಲ್ಲಿ ಕಣ್ಣಿಗೇ ಕಂಡಿತು. ನಮ್ಮ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಮೇಲೆ ಗುಣಿತದ ಗುಡಿಸು, ಕೆಳಗೆ ಒತ್ತು, ಒತ್ತಿನ ಬಳಿ ಇನ್ನೊಂದು ಒತ್ತು. ಮೂಲ ಅಕ್ಷರಕ್ಕೆ ಇಪ್ಪತ್ತು ಚುಕ್ಕಿ ಎತ್ತರ ಸಿಕ್ಕರೆ ಕೆಳಗಿನ ಒತ್ತಕ್ಷರಕ್ಕೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. 1080ರ ಪರದೆಯಲ್ಲಿ ‘ತ್ಸ್ನಾ’ದ ಕೆಳಗಿನ ಸುರುಳಿಗಳು ಒಂದಕ್ಕೊಂದು ಅಂಟಿ ಬೂದು ಗಂಟಾಗಿದ್ದವು. ಇಂಚಿಗೆ 109 ಚುಕ್ಕಿಗಳ 1440ರಲ್ಲಿ ಅದೇ ಗಾತ್ರದ ಅಕ್ಷರದ ಸುರುಳಿ ಬಿಡಿಬಿಡಿಯಾಗಿ ನಿಂತಿತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ದಿನವಿಡೀ ಆ ಗಂಟನ್ನು ಬಿಡಿಸಿ ಓದಲು ಅವರ ಕಣ್ಣು ಪಟ್ಟ ಪಾಡು ನನಗೆ ಆಗ ಅರ್ಥವಾಯಿತು. ಕನ್ನಡದಲ್ಲಿ ಬರೆದು, ಅಚ್ಚು ಜೋಡಿಸಿ ಬದುಕುವವರೆಲ್ಲ ಮಾನಿಟರು ಕೊಳ್ಳುವಾಗ ತಮ್ಮದೊಂದು ಪುಟ ಒಯ್ಯಬೇಕು. ಒತ್ತಕ್ಷರ ತುಂಬಿದ ಪುಟ. ನಿಂತ ಪುಟಕ್ಕೆ ಗೇಮಿಂಗ್ ಕಾರ್ಡು ಬೇಕಿಲ್ಲ, ಅವರ ಕಂಪ್ಯೂಟರಿನ ಸಾಮಾನ್ಯ ಗ್ರಾಫಿಕ್ಸೇ ಆ 36 ಲಕ್ಷ ಚುಕ್ಕಿಗಳನ್ನು ನೆಮ್ಮದಿಯಾಗಿ ಹೊರುತ್ತದೆ. ಅವರ ಅಳತೆಯ ಪರದೆ ಆಟದವರ ಸಾಲಿನಲ್ಲಿ ಸಿಕ್ಕಿತು.

ಈ ನಡುವೆ ಸಾಫ್ಟ್‌ವೇರ್ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡ ಇಬ್ಬರು ರೂಮ್‌ಮೇಟುಗಳು ಬಂದು ಫೋನ್ ಚಾಚಿದರು. ಎರಡು ಗೇಮಿಂಗ್ ಲ್ಯಾಪ್‌ಟಾಪು, ಎರಡರಲ್ಲೂ ಆರ್‌ಟಿಎಕ್ಸ್ 4060, ಒಂದು ಸಾಕಷ್ಟು ಅಗ್ಗ ಮತ್ತು ತೆಳು. ಅದೇ ಕೊಡಿ ಎಂದರು. ಯಜಮಾನರು ಕೆಳಗಿನ ಸಣ್ಣಕ್ಷರಕ್ಕೆ ಬೆರಳಿಟ್ಟರು. ಲ್ಯಾಪ್‌ಟಾಪಿನ 4060ಕ್ಕೆ ಎಷ್ಟು ವಿದ್ಯುತ್ ಕುಡಿಸಬೇಕೆಂಬುದನ್ನು 35 ವಾಟಿನಿಂದ 115 ವಾಟಿನವರೆಗೆ ತಯಾರಕರೇ ಗೊತ್ತುಮಾಡುತ್ತಾರೆ. ಹೆಸರು ಒಂದೇ ಇದ್ದರೂ ತೆಳು ಪೆಟ್ಟಿಗೆಯಲ್ಲಿ ಕಟ್ಟಿಹಾಕಿದ ಚಿಪ್ಪು ದಪ್ಪ ಪೆಟ್ಟಿಗೆಯದರಷ್ಟು ಓಡದು. ಪರದೆಯ ಸಾಲಿನಲ್ಲಿ “45% ಎನ್‌ಟಿಎಸ್‌ಸಿ” ಎಂದಿತ್ತು. ಅಂದರೆ ಸಾಮಾನ್ಯ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು. ಹಣ್ಣು ಟೊಮೆಟೊ ಅದರಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. “ನಿಮ್ಮ ಈಗಿನದ್ದು ತಗೊಂಡು ಬನ್ನಿ, ಸೋಮವಾರ ನೋಡೋಣ,” ಎಂದರು ಯಜಮಾನರು. ವ್ಯಾಪಾರ ಕೈಬಿಟ್ಟಂತೆ ಕಂಡಿತು, ಅವರಿಗೆ ಆ ಚಿಂತೆ ಇದ್ದಂತಿರಲಿಲ್ಲ.

ತುಮಕೂರಿನವರ ಮಾನಿಟರು ಗೋದಾಮಿನಿಂದ ಸೀಲಾದ ಪೆಟ್ಟಿಗೆಯಲ್ಲಿ ಬಂತು. ಅದನ್ನೂ ಬಿಚ್ಚಿ ಪರೀಕ್ಷಿಸಿದರು. ಪರದೆ ಪೂರ್ತಿ ಕೆಂಪು, ಆಮೇಲೆ ಹಸಿರು, ನೀಲಿ, ಬಿಳಿ, ಕೊನೆಗೆ ಕಪ್ಪು. ಸತ್ತ ಚುಕ್ಕಿ ಬಿಳಿಯಲ್ಲಿ ಕರ‍್ರಗೆ ಎದ್ದು ಕಾಣುತ್ತದೆ, ಅಂಚಿನಿಂದ ಸೋರುವ ಬೆಳಕು ಕಪ್ಪಿನಲ್ಲಿ. ಒಂದೆರಡು ಸತ್ತ ಚುಕ್ಕಿಗೆ ಕಂಪನಿಗಳು ಪರದೆ ಬದಲಿಸಿ ಕೊಡುವುದು ಖಚಿತವಲ್ಲ. ಹಾಗಾಗಿ ಅಂಗಡಿಯಲ್ಲೇ ನೋಡಿಬಿಡಬೇಕು. ಅಪ್ಪ, ಮಗ ಇಬ್ಬರೂ ಮೂಗು ತಾಗುವಷ್ಟು ಬಗ್ಗಿ ಮೂಲೆಯಿಂದ ಮೂಲೆಗೆ ಹುಡುಕಿದರು. ಏನೂ ಇರಲಿಲ್ಲ.

ಬಿಲ್ಲಿಲ್ಲದೆ ಕೊಟ್ಟರೆ ಕಡಿಮೆಯಾಗುತ್ತದೋ ಎಂದು ಅಪ್ಪ ಮೆಲ್ಲಗೆ ಕೇಳಿದರು. “ಬೇಡ ಯಜಮಾನ್ರೆ. ಸೀರಿಯಲ್ ನಂಬರು ಬಿಲ್ಲಲ್ಲಿದ್ರೇನೆ ವಾರಂಟಿ.” ಶೇ 18 ಜಿಎಸ್‌ಟಿ ಸೇರಿಸಿ ಬಿಲ್ಲು ಹರಿದರು. ಚೌಕಾಸಿಯಲ್ಲಿ ಹಣ ಇಳಿಯಲಿಲ್ಲ, ಒಂದು ಒಳ್ಳೆಯ ಎಚ್‌ಡಿಎಂಐ ಕೇಬಲ್ಲು ಬಂತು. ಬಿಲ್ಲಿನ ಹಿಂಭಾಗದಲ್ಲಿ ಯಜಮಾನರು ಪೆನ್ನಿನಲ್ಲಿ ಬರೆದು ಕೊಟ್ಟರು: ಸೆಟ್ಟಿಂಗ್ಸ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್. ಸಿಕ್ಕಿಸಿದ ಕೂಡಲೇ ವಿಂಡೋಸ್ ಎಷ್ಟೋ ಸಲ 60ರಲ್ಲೇ ನಿಂತಿರುತ್ತದೆ, ಕೈಯಾರೆ ಏರಿಸಬೇಕು. ಹೆಚ್ಚು ಹರ್ಟ್ಜಿಗೆ ಹಣ ಕೊಟ್ಟು ವರ್ಷಗಟ್ಟಲೆ 60ರಲ್ಲೇ ನೋಡುತ್ತ ಕೂತವರನ್ನು ಈ ಅಂಗಡಿ ಕಂಡಿದೆ.

“ಪೆಟ್ಟಿಗೆ ಅಡ್ಡ ಮಲಗಿಸ್ಬೇಡಿ, ರೈಲಲ್ಲಿ ನಿಲ್ಲಿಸಿಯೇ ಇಡಿ. ಮೇಲೆ ಯಾರೂ ಬ್ಯಾಗ್ ಇಡ್ಬಾರ್ದು, ಗಾಜು ಒತ್ತಿದ್ರೆ ಹೋಯ್ತು.”

ಅಪ್ಪ ಪೆಟ್ಟಿಗೆಯ ತಳಕ್ಕೆ ಕೈ ಕೊಟ್ಟು ಎತ್ತಿ, ಮೆಟ್ಟಿಲ ತುದಿಯಲ್ಲಿ ಮಗನ ಕಡೆ ತಿರುಗಿದರು. “ನೋಡಪ್ಪಾ, ಇದ್ರಲ್ಲಿ ಮೊದಲು ಕ್ಯಾಡ್ ಡ್ರಾಯಿಂಗು. ಆಮೇಲೆ ಆಟ.”

“ಆಯ್ತಪ್ಪ.”

“ಹದಿನಾರು ಜಿಬಿ ಮಾಡ್ಸಿದೀವಲ್ಲ, ಇನ್ನು ಡ್ರಾಯಿಂಗು ಹ್ಯಾಂಗಾಯ್ತು ಅಂತ ಹೇಳೋ ಹಂಗಿಲ್ಲ.”

ಹುಡುಗ ನಗುತ್ತ ಮೆಜೆಸ್ಟಿಕ್ಕಿಗೆ ಆಟೋ ಹಿಡಿಯಲು ಕೆಳಗೋಡಿದ.